ಬ್ಯಾರನ್ ಮೇಲೆ ಬೀಳದ ಕಲ್ಲು

ವಿಜ್ಞಾನ ವಾಹನದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿ, "ಮೇಡಮ್, ಮಕ್ಕಳಿಗೆ ಯಾವ ಪ್ರಯೋಗ ಹೆಚ್ಚು ಇಷ್ಟ ಆಗುತ್ತೆ ಹೇಳಿ" ಎಂದಳು. ಮಕ್ಕಳ ಚಿಂತೆ ಬೇಡವಮ್ಮ, ಅವರು ಏನು ತೋರಿಸಿದರೂ ಕಣ್ಣರಳಿಸಿ ನೋಡುತ್ತಾರೆ. ಈ ಕೆಲಸದಲ್ಲಿ ತಲೆ ಕೆಡಿಸುವವರು ದೊಡ್ಡವರು ಎಂದು ನಾನು ಶುರು ಮಾಡುವಷ್ಟರಲ್ಲಿ ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಸಿಗಲಿಲ್ಲ. ಬರೆದೇ ಬಿಡೋಣ ಎಂದು ಕೂತಿದ್ದೇನೆ.

ನನ್ನ ವಾಹನ ಸುತ್ತುತ್ತಿದ್ದದ್ದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳನ್ನು. ಹಿಂದೆ ಬಾಗಿಲಿರುವ ಹಳೆಯ ವ್ಯಾನು. ಒಳಗೆ ಒಂದು ದೂರದರ್ಶಕ, ಸೂರ್ಯ ಚಂದ್ರರ ಮಾದರಿ, ಮಡಚುವ ಮೇಜು, ಒಂದು ಸೈಕಲ್ ಪಂಪು. ಮುಂದೆ ಡ್ರೈವರ್ ನಂಜುಂಡ. ಈತ ಒಳ್ಳೆಯ ಮನುಷ್ಯ, ಆದರೆ ಒಂದು ಕೆಟ್ಟ ಅಭ್ಯಾಸ. ನಾನು ಪ್ರಯೋಗ ಶುರು ಮಾಡಿ, "ಈಗ ಏನಾಗಬಹುದು, ಯೋಚನೆ ಮಾಡಿ ಹೇಳಿ" ಎಂದು ಮಕ್ಕಳನ್ನು ಕೇಳಿದ ತಕ್ಷಣ ಹಿಂದಿನಿಂದ, "ಬಿಸಿ ಆಯ್ತದೆ ಕಣ್ರಪ್ಪ" ಎಂದುಬಿಡುತ್ತಿದ್ದ. ಎಷ್ಟು ಸಾರಿ ಹೇಳಿದರೂ ಅಷ್ಟೇ. "ಮೇಡಮ್, ಗೊತ್ತಿದ್ದೂ ಸುಮ್ಕಿರೋದು ಎಂಗೆ?" ಎನ್ನುತ್ತಿದ್ದ.

ಬಿಸಿಯಾಗುತ್ತಿದ್ದದ್ದು ಪಂಪು. ಆಕಾಶದಿಂದ ಬರುವ ಕಲ್ಲು ಉರಿಯುವುದು ಯಾಕೆ ಎಂದು ತೋರಿಸಲು ನಾನು ಇಟ್ಟುಕೊಂಡಿದ್ದ ಪ್ರಯೋಗ ಅದು. ಪಂಪಿನ ತುದಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ ಜೋರಾಗಿ ಒತ್ತಬೇಕು. ಒಳಗಿನ ಗಾಳಿ ಹೊರಗೆ ಹೋಗಲಾರದೆ ಹಿಂಡಿಕೊಳ್ಳುತ್ತದೆ. ಹಿಂಡಿಕೊಂಡ ಗಾಳಿ ಬಿಸಿಯಾಗುತ್ತದೆ. ಹತ್ತಾರು ಸಲ ಒತ್ತಿ ಬುಡ ಮುಟ್ಟಿದರೆ ಬೆಚ್ಚಗಿರುತ್ತದೆ. ಉಲ್ಕೆಯದೂ ಇದೇ ಕಥೆ. ಅದು ಬರುವ ವೇಗಕ್ಕೆ ಎದುರಿನ ಗಾಳಿಗೆ ಪಕ್ಕಕ್ಕೆ ಸರಿಯಲು ಸಮಯವೇ ಸಿಗುವುದಿಲ್ಲ. ಕಲ್ಲಿನ ಮುಂದೆ ಗಾಳಿ ಜಜ್ಜಿಹೋಗಿ, ತಾನೇ ಕೆಂಡಕ್ಕಿಂತ ಬಿಸಿಯಾಗಿ ಬೆಳಗುತ್ತದೆ. ಆ ಶಾಖಕ್ಕೆ ಕಲ್ಲಿನ ಮೈ ಕರಗಿ, ಆವಿಯಾಗಿ, ಪದರ ಪದರವಾಗಿ ಕಿತ್ತುಹೋಗುತ್ತದೆ. ನಾವು ನೋಡುವ ಉಲ್ಕೆಗಳಲ್ಲಿ ಹೆಚ್ಚಿನವು ಮರಳಿನ ಕಾಳಿಗಿಂತ ದೊಡ್ಡವೇನಲ್ಲ. ಮೋಡಗಳಿಗಿಂತ ಎಷ್ಟೋ ಮೇಲೆಯೇ ಅವುಗಳ ಕಥೆ ಮುಗಿದಿರುತ್ತದೆ.

ಇಷ್ಟನ್ನು ಹೇಳುವುದರಲ್ಲಿ ಏನು ಕಷ್ಟ ಅನ್ನುತ್ತೀರಾ? ಪಾಠದಲ್ಲಿ "ಘರ್ಷಣೆಯಿಂದ ಉರಿಯುತ್ತವೆ" ಎಂದು ಇತ್ತು. ಕೈಗೆ ಕೈ ಉಜ್ಜಿದರೆ ಬಿಸಿಯಾಗುವ ಹಾಗೆ, ಗಾಳಿಗೆ ಕಲ್ಲು ಉಜ್ಜಿ ಹೊತ್ತಿಕೊಳ್ಳುತ್ತದೆ ಎಂದು. ಉಜ್ಜುವಿಕೆಯೂ ಒಂದಿಷ್ಟು ಇದ್ದೇ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದು ಎಲ್ಲೋ ಮೂಲೆಯಲ್ಲಿ. ನಡುಮನೆಯಲ್ಲಿ ಕೂತಿರುವುದು ಹಿಂಡಿಕೊಂಡ ಗಾಳಿ. ಕೆ.ಆರ್. ನಗರದ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಎದ್ದು ನಿಂತು, "ಮೇಡಮ್, ಪಂಪಿನೊಳಗೆ ವಾಷರ್ ಉಜ್ಜಿಯೇ ಬಿಸಿಯಾಗಿದ್ದು. ನೀವೇ ಘರ್ಷಣೆ ತೋರಿಸಿ ಘರ್ಷಣೆ ಅಲ್ಲ ಅಂತೀರಲ್ಲ" ಎಂದರು. ನನಗೆ ಸಂತೋಷವೇ ಆಯಿತು. ಅಷ್ಟು ವರ್ಷಗಳಲ್ಲಿ ಒಬ್ಬರು ಸರಿಯಾದ ಪ್ರಶ್ನೆ ಕೇಳಿದ್ದರು. ಪಂಪನ್ನು ಅವರ ಕೈಗೇ ಕೊಟ್ಟೆ. ಮೊದಲು ತುದಿ ಬಿಟ್ಟು ಒತ್ತಿ ಎಂದೆ, ಅದು ತಣ್ಣಗಾದ ಮೇಲೆ ತುದಿ ಮುಚ್ಚಿ ಅಷ್ಟೇ ಸಲ ಒತ್ತಿ ಎಂದೆ. ವಾಷರ್ ಎರಡು ಸಲವೂ ಉಜ್ಜಿತು. ಚುರುಕ್ಕೆಂದಿದ್ದು ಮುಚ್ಚಿದಾಗ. ಮೇಷ್ಟ್ರು ಬುಡ ಮುಟ್ಟಿ ನೋಡಿ, ಬೆವರು ಒರೆಸಿಕೊಂಡು, "ನೀವು ಹೇಳಿದ್ದು ಸರಿ" ಎಂದರು. ನಾನು ಗೆದ್ದೆ ಅಂದುಕೊಂಡೆ. ಅವರು ಮಕ್ಕಳ ಕಡೆ ತಿರುಗಿ, "ಮೇಡಮ್ ಹೇಳಿದ್ದು ತಿಳ್ಕೊಳ್ಳಿ. ಪರೀಕ್ಷೇಲಿ ಮಾತ್ರ ಘರ್ಷಣೆ ಅಂತ್ಲೇ ಬರೀರಿ" ಎಂದರು. ನಾನು ಮುಖ ನೋಡಿದೆ. "ನಾನೇನ್ ಮಾಡ್ಲಿ ಮೇಡಮ್? ಉತ್ತರಸೂಚೀಲಿ ಅದೇ ಇರೋದು. ಕಳೆದುಹೋದ ಮಾರ್ಕ್ಸ್ ನೀವು ಬಂದು ಕೊಡ್ತೀರಾ?"

ಮೈಸೂರಿನಲ್ಲಿ ಕೂತಿದ್ದ ನಮ್ಮ ಸಾಹೇಬರಿಗೆ ಇದನ್ನು ಹೇಳಿದೆ. ಅವರು ಚಹಾ ಹೀರುತ್ತಾ, "ಘರ್ಷಣೆ ಅಂದ್ರೆ ಏನು ನಷ್ಟ? ಒಟ್ಟಿನಲ್ಲಿ ಉರೀತು ತಾನೆ?" ಎಂದರು. ಈ ಮಾತನ್ನು ನೀವು ಬೇರೆ ಬೇರೆ ಬಾಯಿಗಳಿಂದ ನಿವೃತ್ತರಾಗುವವರೆಗೂ ಕೇಳುತ್ತೀರಿ. ಈಗಲೇ ತಯಾರಾಗಿರಿ.

ಇನ್ನು ಕಲ್ಲು ತರುವವರ ವಿಷಯ. ವಿಜ್ಞಾನ ವಾಹನ ಬಂದಿದೆ ಎಂದರೆ ಸಾಕು, ಹಿತ್ತಲಿನಲ್ಲಿ ಸಿಕ್ಕ ಕರಿಯ ಕಲ್ಲನ್ನೆಲ್ಲ ಹೊತ್ತುಕೊಂಡು ಬರುವವರಿದ್ದರು. ಕಮ್ಮಾರನ ಕುಲುಮೆಯ ಕಿಟ್ಟ, ಲಾರಿಯ ಸ್ಪ್ರಿಂಗಿನ ತುಂಡು, ಒಮ್ಮೆ ಒಡೆದ ರುಬ್ಬುಗುಂಡಿನ ಅರ್ಧ. "ರಾತ್ರಿ ಬಿತ್ತು, ಬೆಳಿಗ್ಗೆ ಮುಟ್ಟಿದ್ರೂ ಸುಡ್ತಿತ್ತು ಮೇಡಮ್" ಎನ್ನುವವರೇ ಎಲ್ಲ. ಅಲ್ಲೇ ಸಿಕ್ಕಿಬೀಳುತ್ತಿದ್ದರು. ನಿಜವಾಗಿ ನೆಲಕ್ಕೆ ತಲುಪುವ ಕಲ್ಲು ಕೆಳಗಿನ ದಟ್ಟ ಗಾಳಿಯಲ್ಲಿ ವೇಗವೆಲ್ಲ ಕಳೆದುಕೊಂಡಿರುತ್ತದೆ. ಬೆಳಕು ಮೇಲೆಯೇ ಆರಿರುತ್ತದೆ. ಕೊನೆಗೆ ಅದು ಮಹಡಿಯ ಮೇಲಿಂದ ಯಾರೋ ಎಸೆದ ಕಲ್ಲಿನಂತೆ ಕತ್ತಲಲ್ಲಿ ಧೊಪ್ಪನೆ ಬೀಳುತ್ತದೆ. ಉರಿದದ್ದು ಮೈಯ ತೆಳುವಾದ ಸಿಪ್ಪೆ ಮಾತ್ರ. ಒಳಗೆ ಇನ್ನೂ ಆಕಾಶದ ಚಳಿಯೇ ಇರುತ್ತದೆ. ಕೈ ಸುಡುವ ಕಲ್ಲಲ್ಲ ಅದು. ಹುಲ್ಲು ಹೊತ್ತಿಸುವ ಕಲ್ಲೂ ಅಲ್ಲ.

ಬೈಲಕುಪ್ಪೆಯಲ್ಲಿ ಮಾತ್ರ ನನ್ನ ಬಾಯಿ ಕಟ್ಟಿತು. ಸ್ವೆಟರ್ ಅಂಗಡಿಯ ಟಿಬೆಟನ್ ಅಮ್ಮ ಕೊರಳಿನಿಂದ ಒಂದು ಪುಟ್ಟ ಲೋಹದ ಬಿಲ್ಲೆ ತೆಗೆದು, "ಇದು ಆಕಾಶದಿಂದ ಬಿದ್ದ ಕಬ್ಬಿಣ ಅಂತ ನಮ್ಮಜ್ಜಿ ಹೇಳ್ತಿತ್ತು. ಹೌದಾ ನೋಡಿ" ಎಂದರು. ಅಚ್ಚಿನಲ್ಲಿ ಎರಕ ಹೊಯ್ದ ಕಂಚಿನಂತೆ ಕಾಣುತ್ತಿತ್ತು. ಅಯಸ್ಕಾಂತ ಹಿಡಿದರೆ ಅಂಟಲೂ ಇಲ್ಲ. ಹೇಳಿದೆ. ಆಕೆ ಬೇಸರಿಸಲಿಲ್ಲ, ನಕ್ಕು ಬಿಲ್ಲೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು, "ನೀವು ಪರೀಕ್ಷೆ ಮಾಡಿದ್ದು ಲೋಹಾನ. ನಾನು ಇಟ್ಕೊಂಡಿರೋದು ಅಜ್ಜೀನ" ಎಂದರು. ನಂಜುಂಡ ವ್ಯಾನಿನಲ್ಲಿ ಊರು ತಲುಪುವವರೆಗೂ, "ಅಲ್ಲ ಮೇಡಮ್, ಹೌದು ಅಂದಿದ್ರೆ ನಿಮ್ ಗಂಟೇನ್ ಹೋಗ್ತಿತ್ತು?" ಎಂದು ನನ್ನ ಪ್ರಾಣ ತಿಂದ.

ಇದೆಲ್ಲ ಸಣ್ಣ ಪುಟ್ಟ ಕಿರಿಕಿರಿ. ನಾನು ಹೇಳಬೇಕೆಂದು ಕೂತಿದ್ದು ಹಾರನಹಳ್ಳಿ ಹೋಬಳಿಯ ಒಂದು ಊರಿನಲ್ಲಿ ಆದದ್ದು. ಊರಿನ ಹೆಸರು ಬೇಡ, ಜನರ ಹೆಸರನ್ನೂ ಬದಲಿಸಿದ್ದೇನೆ.

ಮಳೆ ಬಿಟ್ಟು ಆಕಾಶ ತೆರೆದುಕೊಂಡಿದ್ದ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ನಾಲ್ಕೂ ತಾಲ್ಲೂಕುಗಳ ಜನ ಒಂದು ದೊಡ್ಡ ಬೆಂಕಿಯುಂಡೆ ಹೋಗುವುದನ್ನು ನೋಡಿದರು. ಹಸಿರು ಬೆಳಕು, ಹಿಂದೆ ಕಿಡಿಯ ಬಾಲ. ಅಂಥದ್ದನ್ನು ನೋಡಲು ನಾನು ಜೀವನವಿಡೀ ಕಾದಿದ್ದೆ. ಆ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಮಾರನೆಯ ದಿನದಿಂದ ಫೋನು ನಿಲ್ಲಲಿಲ್ಲ. ಕೋಟೆ ತಾಲ್ಲೂಕಿನ ಎನ್. ಬೇಗೂರಿನಿಂದ, ನಮ್ಮೂರ ಹಿಂದಿನ ಕಾಡಿನಲ್ಲಿ ಬಿತ್ತು ಎಂದು. ಕೆ.ಆರ್. ನಗರದಿಂದ, ಹೊಳೆಗೆ ಬಿದ್ದು ಚುಂಯ್ ಅಂದಿದ್ದನ್ನು ಕೇಳಿದವರಿದ್ದಾರೆ ಎಂದು. ಹುಣಸೂರಿನಿಂದ, ನಮ್ಮ ತೆಂಗಿನ ತೋಟದ ಆಚೆ ಗದ್ದೆಯಲ್ಲಿ ಎಂದು. ಒಂದೇ ಉಂಡೆ, ಎಲ್ಲರ ಹಿತ್ತಲಿಗೂ ಬಿದ್ದಿತ್ತು. ಯಾವ ದಿಕ್ಕಿನಲ್ಲಿ ಮರೆಯಾಯಿತು ಎಂದು ಪ್ರತಿಯೊಬ್ಬರನ್ನೂ ಕೇಳಿದೆ. ಎಲ್ಲರೂ ಹೇಳಿದ್ದು ಪಡುವಣವನ್ನೇ. ಇಷ್ಟು ದೂರ ದೂರದ ಊರುಗಳಿಂದ ಒಂದೇ ದಿಕ್ಕಿನಲ್ಲಿ ಕಂಡಿದೆ ಎಂದರೆ ಅದು ಕೊಡಗನ್ನೂ ದಾಟಿ ಎಲ್ಲೋ ಕಡಲ ಕಡೆ, ಬಹಳ ಎತ್ತರದಲ್ಲಿ ಹೋಗಿರಬೇಕು. ಹಾಗೆಂದು ಹೇಳಿದರೆ, "ಇಲ್ಲ ಮೇಡಮ್, ನಾನೇ ಕಣ್ಣಾರೆ ಕಂಡೆ, ಮರದ ಹಿಂದೆ ಇಳೀತು" ಎನ್ನುತ್ತಿದ್ದರು. ಸೂರ್ಯನೂ ದಿನಾ ಮರದ ಹಿಂದೆ ಇಳಿಯುತ್ತಾನಲ್ಲಪ್ಪ ಎಂದು ಬಾಯಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಪಿರಿಯಾಪಟ್ಟಣ ಕಡೆಯ ಒಬ್ಬ ಕಂದಾಯ ನಿರೀಕ್ಷಕರು ಫೋನ್ ಮಾಡಿದರು. ಅದೇ ಸಂಜೆ ಅವರ ವ್ಯಾಪ್ತಿಯಲ್ಲಿ ಒಂದು ತಂಬಾಕಿನ ಬ್ಯಾರನ್ ಸುಟ್ಟುಹೋಗಿತ್ತು. ಈ ಕಡೆಯವರಿಗೆ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಗೋಡೆಯ ಕೋಣೆ. ಒಳಗೆ ಕಡ್ಡಿಗಳಿಗೆ ಕಟ್ಟಿದ ಹಸಿ ಸೊಪ್ಪನ್ನು ಸಾಲು ಸಾಲಾಗಿ ನೇತುಹಾಕುತ್ತಾರೆ. ಹೊರಗಿನ ಒಲೆಗೆ ಸೌದೆ ಒಟ್ಟಿದರೆ ಬಿಸಿ ಹೊಗೆ ತಗಡಿನ ಕೊಳವೆಗಳಲ್ಲಿ ಹಾದು ಕೋಣೆಯನ್ನು ಕಾಯಿಸುತ್ತದೆ. ದಿನಗಟ್ಟಲೆ ಹಗಲೂ ರಾತ್ರಿ ಒಬ್ಬರು ಒಲೆ ಕಾಯಬೇಕು.

"ಉಲ್ಕೆ ಬಿದ್ದು ಸುಟ್ಟಿದ್ದು ಅಂತ ಊರೋರೆಲ್ಲ ಹೇಳ್ತಾವ್ರೆ. ನೀವು ಒಂದ್ಸಲ ಬಂದು ಹೂಂ ಅಂದ್ಬುಟ್ರೆ ಪ್ರಕೃತಿ ವಿಕೋಪ ಅಂತ ಬರ್ದು ಕಳುಸ್ತೀನಿ. ಪಾಪ, ಗೌಡ್ರಿಗೂ ಒಂದು ದಾರಿ ಆಯ್ತದೆ" ಎಂದರು ನಿರೀಕ್ಷಕರು. ನಮ್ಮ ಸಾಹೇಬರೂ ಹೋಗಿ ಬನ್ನಿ ಎಂದರು. ನೋಡಿ ಬನ್ನಿ ಅನ್ನಲಿಲ್ಲ, "ಹೇಳಿ ಬನ್ನಿ" ಎಂದರು.

ಮರುದಿನ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಊರೇ ನೆರೆದಿತ್ತು. ಬ್ಯಾರನ್ನಿನ ಸೂರು ಕುಸಿದು ನಾಲ್ಕು ಕರಿ ಗೋಡೆ ನಿಂತಿದ್ದವು. ಪಕ್ಕದಲ್ಲಿ ಬಾಳೆ ಎಲೆಯ ಮೇಲೆ ಒಂದು ಕರಿ ಉಂಡೆ. ಅದಕ್ಕಾಗಲೇ ಅರಿಶಿನ ಕುಂಕುಮ ಬಿದ್ದಿತ್ತು, ಊದುಬತ್ತಿ ಉರಿಯುತ್ತಿತ್ತು. ದೂರದಿಂದಲೇ ಗೊತ್ತಾಯಿತು, ಒಲೆಯೊಳಗೆ ಬೂದಿ ಮಣ್ಣು ಕರಗಿ ಗಟ್ಟಿಯಾದ ಕಿಟ್ಟ.

ವ್ಯಾನಿನಿಂದ ಇಳಿಯುತ್ತಿದ್ದ ಹಾಗೆ ಒಬ್ಬ ಮನುಷ್ಯ ಹತ್ತಿರ ಬಂದ. ಐವತ್ತರ ಆಸುಪಾಸು, ಎರಡೂ ಮುಂಗೈಗೆ ಬಟ್ಟೆ ಸುತ್ತಿತ್ತು. ಬೆಂಕಿಗೆ ನುಗ್ಗಿ ಸೊಪ್ಪು ಎಳೆಯಲು ಹೋಗಿ ಸುಟ್ಟುಕೊಂಡಿದ್ದ. ಹೆಸರು ಚೆಲುವಯ್ಯ, ಆ ಬ್ಯಾರನ್ನಿನ ಒಲೆ ಕಾಯುತ್ತಿದ್ದವನು.

"ಮೇಡಮ್ನೋರೆ, ಕಲ್ಲೇ ಬಿದ್ದಿದ್ದು ಅಂತ ಏಳ್ಬುಡಿ" ಎಂದ ಮೆಲ್ಲಗೆ.

"ನೀವು ಬಿದ್ದಿದ್ದನ್ನ ನೋಡಿದ್ರಾ?"

"ನಾನೆಲ್ಲಿ ನೋಡಾನ? ಸೌದೆ ಒಟ್ಟುತಾ ಇದ್ದೆ. ಬೆಂಕಿ ಕಂಡೆ, ಕೂಗ್ಕೊಂಡೆ." ಅವನು ಹಿಂದೆ ತಿರುಗಿ ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿದ. "ಕಲ್ಲಲ್ಲ ಅಂದ್ರೆ ಇನ್ಯಾರು ಅಂತಾರೆ? ನಾನೇ ತಾನೆ? ಒಲೆ ಮುಂದೆ ಮಲಗ್ಬುಟ್ಟು ಬ್ಯಾರನ್ ಸುಟ್ಟೋನು ಅಂತ ಒಂದ್ಸಲ ಹೆಸ್ರು ಬಂದ್ರೆ ಈ ಹೋಬಳೀಲಿ ನಂಗೆ ಒಂದೊಲೆ ಕೊಡಾಕಿಲ್ಲ ಯಾರೂವೆ. ನಂಗೆ ಬರೋ ಕೆಲ್ಸ ಇದೊಂದೇಯ. ನಿಮ್ಮೊಂದ್ ಮಾತು ಕಣವ್ವ."

ಕೆಲಸಕ್ಕೆ ಹೊಸದಾಗಿ ಸೇರುವವರೇ, ಇದನ್ನು ನಿಮಗೆ ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಕಲ್ಲು ಯಾಕೆ ಉರಿಯುತ್ತದೆ ಎಂದು ಹೇಳಿಕೊಡುತ್ತಾರೆ. ಉರಿಯಲಿಲ್ಲ ಎಂದರೆ ಯಾರ ಮನೆ ಉರಿಯುತ್ತದೆ ಎಂದು ಹೇಳಿಕೊಡುವುದಿಲ್ಲ. ನಂಜುಂಡ ಸ್ಟೇರಿಂಗ್ ಹಿಡಿದು ಕೂತೇ, "ಹೂಂ ಅಂದ್ಬುಡಿ ಮೇಡಮ್" ಎಂದ. ನಿರೀಕ್ಷಕರು ಕುರ್ಚಿ ಹಾಕಿಸಿದರು. ಟಿವಿಯವನೊಬ್ಬ ಮೈಕು ಹಿಡಿದು ನಿಂತಿದ್ದ. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಎಲ್ಲೋ ಕಡಲ ಮೇಲೆ ಉರಿದುಹೋದ ಒಂದು ಕಲ್ಲಿನ ಹೆಗಲಿಗೆ ಇವರೆಲ್ಲ ತಮ್ಮ ತಮ್ಮ ಹೊರೆ ಏರಿಸಿ, ಸಹಿ ಹಾಕಲು ನನ್ನನ್ನು ಕರೆಸಿದ್ದರು.

ಬ್ಯಾರನ್ನಿನ ಯಜಮಾನರು ಪುಟ್ಟೇಗೌಡರು. ಮಾತು ಕಡಿಮೆ, ಗಟ್ಟಿ ಆಳು. ಅವರನ್ನೇ ಕೇಳಿದೆ.

"ಗೌಡ್ರೆ, ನೀವು ಬೆಂಕಿಯುಂಡೆ ನೋಡಿದ್ದು ಎಲ್ಲಿ ನಿಂತ್ಕೊಂಡು?"

"ಇಲ್ಲೇ, ನಮ್ ಜಗ್ಲಿ ಮೇಲೆ."

"ಯಾವ ಕಡೆ ಇಳೀತು?"

ಅವರು ಕೈ ಎತ್ತಿ ಕೊಡಗಿನ ಬೆಟ್ಟಗಳ ಕಡೆ ತೋರಿಸಿದರು. ಪಡುವಣಕ್ಕೆ.

"ಬ್ಯಾರನ್ ಯಾವ ಕಡೆ ಇದೆ?"

ಅವರ ಕೈ ಎತ್ತಿದ ಹಾಗೆಯೇ ನಿಂತಿತು. ಬ್ಯಾರನ್ ಇದ್ದದ್ದು ಅವರ ಬೆನ್ನ ಹಿಂದೆ, ಮೂಡಲಿಗೆ. ಜನರಲ್ಲಿ ಕೆಲವರು ಕಿಸಕ್ಕೆಂದರು. ಒಬ್ಬ, "ಮೇಡಮ್, ಸುತ್ಕೊಂಡು ಬಂದಿರ್ಬೌದಲ್ವಾ?" ಎಂದ. ಅದಕ್ಕೆ ಏನು ಹೇಳಲಿ? ಹೇಳಬೇಕಾದ್ದನ್ನೆಲ್ಲ ಹೇಳಿದೆ. ನಾಲ್ಕು ತಾಲ್ಲೂಕಿಗೂ ಅದು ಪಡುವಣಕ್ಕೇ ಕಂಡಿದ್ದು, ಅಷ್ಟು ಎತ್ತರದಲ್ಲೇ ಅದು ಉರಿದುಹೋಗುವುದು ಯಾಕೆ ಎನ್ನುವುದು, ಒಂದು ವೇಳೆ ಚೂರು ಉಳಿದು ಬಿದ್ದರೂ ಅದು ತಣ್ಣಗಿರುತ್ತದೆ, ಸೊಪ್ಪು ಹೊತ್ತಿಸಲಾರದು ಎನ್ನುವುದು. ಬಾಳೆ ಎಲೆಯ ಮೇಲಿದ್ದದ್ದು ಒಲೆಯ ಕಿಟ್ಟ ಎಂದೂ ಹೇಳಿದೆ. ಊದುಬತ್ತಿ ಹಚ್ಚಿದ್ದ ಅಜ್ಜಿ ನನ್ನನ್ನು ನುಂಗುವ ಹಾಗೆ ನೋಡಿತು.

ಆಮೇಲೆ ಗೌಡರು ಚೆಲುವಯ್ಯನ ಕಡೆ ತಿರುಗಿದರು.

"ಅಂಗಾರೆ ನೀನೇ ಕಣ್ಲಾ ಸುಟ್ಟಿದ್ದು."

ಎಷ್ಟು ಬೇಗ! ಚೆಲುವಯ್ಯ ಹೇಳಿದ ಹಾಗೆಯೇ ಆಯಿತು. ಅವನು ತಲೆ ತಗ್ಗಿಸಿ ನಿಂತ. ಜನ ಅವನ ಸುತ್ತ ಸ್ವಲ್ಪ ಜಾಗ ಬಿಟ್ಟು ಸರಿದರು. ಈಗಷ್ಟೇ ಉಲ್ಕೆ ಉಲ್ಕೆ ಎನ್ನುತ್ತಿದ್ದ ಬಾಯಿಗಳೇ, "ಕುಡ್ದು ಮಲಗಿದ್ನೇನೋ" ಎನ್ನತೊಡಗಿದವು. ನಿರೀಕ್ಷಕರು ಕೈಗಡಿಯಾರ ನೋಡಿಕೊಂಡು, "ಆಯ್ತಲ್ಲ ಮೇಡಮ್, ನಿಮ್ ಕೆಲ್ಸ ಮುಗೀತು" ಎಂದರು.

ಮುಗಿದಿತ್ತು, ಹೌದು. ಎದ್ದು ಬರಬಹುದಿತ್ತು.

"ನಾನು ಹೇಳಿದ್ದು ಕಲ್ಲು ಬೀಳಲಿಲ್ಲ ಅಂತ. ಇವರು ಸುಟ್ಟರು ಅಂತ ನಾನು ಹೇಳಿದ್ನಾ?" ಎಂದೆ. ದನಿ ಜೋರಾಗಿತ್ತು. ಟಿವಿಯವನು ಮೈಕು ಮುಂದೆ ತಂದ. ಅದನ್ನು ಪಕ್ಕಕ್ಕೆ ತಳ್ಳಿ ಜನರನ್ನೇ ಕೇಳಿದೆ. "ನೀವೆಲ್ಲ ಹೊಗೆಸೊಪ್ಪು ಬೇಯಿಸೋರೇ. ಬ್ಯಾರನ್‌ಗೆ ಬೆಂಕಿ ಹೇಗೆ ಬೀಳುತ್ತೆ? ಈ ಸುತ್ತಿನಲ್ಲಿ ಇದೇ ಮೊದಲನೆಯದಾ?"

ಗೊತ್ತಿಲ್ಲದವರು ಯಾರೂ ಇರಲಿಲ್ಲ. ಒಬ್ಬರು, "ಒಣಗಿದ ಸೊಪ್ಪು ಉದ್ರಿ ಕಾದ ಕೊಳ್ವೆ ಮೇಲೆ ಬಿದ್ರೆ ಹತ್ಕತದೆ" ಎಂದರು. ಇನ್ನೊಬ್ಬರು, "ಅದುಕ್ಕೇ ಕೊಳ್ವೆ ಮೇಲೆ ತಂತಿ ಜಾಲ್ರಿ ಹಾಸೋದು" ಎಂದರು.

"ಇಲ್ಲಿ ಹಾಸಿತ್ತಾ?" ಎಂದು ಚೆಲುವಯ್ಯನನ್ನು ಕೇಳಿದೆ.

ಅವನು ಒಮ್ಮೆ ಗೌಡರನ್ನು ನೋಡಿ ಮತ್ತೆ ನೆಲ ನೋಡಿದ. ಮಾತು ಬಂದದ್ದು ಮನೆಯ ಬಾಗಿಲಿನಿಂದ. ಗೌಡರ ಹೆಂಡತಿ ಜಯಮ್ಮ ಹೊಸಿಲ ಮೇಲೆ ನಿಂತಿದ್ದರು.

"ಜಾಲ್ರಿ ಅಲ್ಲಿ ಅದಲ್ಲ" ಎಂದರು, ಅಂಗಳದ ಮೂಲೆಗೆ ಕೈ ತೋರಿಸಿ.

ಅಲ್ಲಿ ಕೋಳಿಗೂಡು ಇತ್ತು. ಸುತ್ತ ಬಿಗಿದಿದ್ದು ಬ್ಯಾರನ್ನಿನ ಜಾಲರಿ. ಅದರ ಹಿಂದೆ ಹುಂಜವೊಂದು ನಮ್ಮನ್ನೆಲ್ಲ ಓರೆಗಣ್ಣಿನಲ್ಲಿ ನೋಡುತ್ತಿತ್ತು.

"ನಾಯಿ ಕೋಳಿ ಎತ್ಕೊಂಡೋಯ್ತವೆ ಅಂತ ಬಿಚ್ಚಾಕಿದ್ರು. ಹೊಸ್ದು ತರ್ತೀನಿ ಅಂದ್ರು. ಚೆಲುವಯ್ಯ ಕೇಳ್ದ, ಮತ್ತೆ ಕೇಳ್ದ, ನಾಳೆ ನಾಡಿದ್ದು ಅಂದ್ರು. ಆ ಮನ್ಸ ಕೈ ಸುಟ್ಕೊಂಡು ನಿಂತವ್ನೆ. ಅವ್ನ ಮ್ಯಾಲೆ ಹಾಕ್ಬ್ಯಾಡಿ" ಎಂದು ಹೇಳಿ ಜಯಮ್ಮ ಒಳಗೆ ಹೋದರು. ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು.

ಗೌಡರು ಜಗುಲಿಯ ಮೇಲೆ ಕುಳಿತುಬಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು. ಎಲ್ಲರ ಮನೆಯಲ್ಲೂ ಇರುವ ನಾಳೆ ಅವರ ಮನೆಯಲ್ಲೂ ಇತ್ತು, ಅಷ್ಟೇ. ಒಂದು ಬೆಳೆಯ ಸೊಪ್ಪು ಹೋಗಿತ್ತು. ಈಗ ಊರ ಮುಂದೆ ಮುಖವೂ ಹೋಯಿತು. ನಿರೀಕ್ಷಕರು ಜೀಪು ಹತ್ತುವ ಮುನ್ನ, "ಏನ್ ಮೇಡಮ್ ನೀವು, ಒಂದು ಹೂಂ ಅನ್ನೋಕೆ ಇಷ್ಟೆಲ್ಲ ಮಾಡಿದ್ರಲ್ಲ" ಎಂದು ಹೋದರು. ಟಿವಿಯವನು ಕೋಳಿಗೂಡಿನ ಕಡೆ ತಿರುಗಿಯೂ ನೋಡದೆ ಕಿಟ್ಟದ ಚಿತ್ರ ತೆಗೆದುಕೊಂಡ.

ಚೆಲುವಯ್ಯ ನನಗೆ ಕೈ ಮುಗಿಯುತ್ತಾನೆಂದು ನೀವು ಅಂದುಕೊಂಡಿದ್ದರೆ ತಪ್ಪು. ವ್ಯಾನಿನ ಹತ್ತಿರ ಬಂದು, "ನೀವು ಕಲ್ಲು ಅಂದಿದ್ರೆ ಇಬ್ರೂ ಉಳ್ಕತಿದ್ವಿ. ಈಗ ಗೌಡ್ರ ಮುಖ ನಾನೆಂಗೆ ನೋಡ್ಲಿ?" ಎಂದ. ಕಣ್ಣಿನಲ್ಲಿ ನೀರಿತ್ತು. ಕೈಗೆ ಔಷಧಿ ಹಾಕಿಸಿದ್ದೀರಾ ಎಂದೆ. ಹೂಂ ಎಂದ. ನಂಜುಂಡ ವಾಪಸು ಬರುವ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಅವನು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಾಹೇಬರು ಕರೆಸಿದರು. "ನಿಮಗೆ ಕೇಳಿದ್ದು ಕಲ್ಲಿನ ವಿಷಯ. ಕೋಳಿಗೂಡಿನ ವಿಷಯ ಯಾಕೆ ಮಾತಾಡಿದ್ರಿ?" ಎಂದರು. ಕಲ್ಲಿನ ವಿಷಯ ಮಾತ್ರ ಹೇಳಿ ಬಂದಿದ್ದರೆ ಒಬ್ಬ ಮನುಷ್ಯನ ಮೇಲೆ ಕಲ್ಲು ಹಾಕಿ ಬಂದ ಹಾಗೆ ಆಗುತ್ತಿತ್ತು ಸಾರ್ ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ನನ್ನನ್ನು ಕೆಲವು ತಿಂಗಳು ವ್ಯಾನಿನಿಂದ ಇಳಿಸಿ ಕಚೇರಿಯಲ್ಲಿ ಕೂರಿಸಿದರು. ಮಾದರಿಗಳ ಧೂಳು ಒರೆಸಿಕೊಂಡು ಕೂತಿದ್ದೆ.

ಊರಿನ ಸುದ್ದಿ ನಂಜುಂಡನ ಭಾವನ ಮೂಲಕ ಬರುತ್ತಿತ್ತು. ಗೌಡರು ಚೆಲುವಯ್ಯನನ್ನು ಕೆಲಸದಿಂದ ಬಿಡಿಸಲಿಲ್ಲ. ಅವನ ಕೈ ವಾಸಿಯಾಗುವವರೆಗೆ ಜಯಮ್ಮ ದಿನಾ ಬುತ್ತಿ ಕಳಿಸಿದರು. ಮುಂದಿನ ಬೆಳೆಗೆ ಸೂರು ಹಾಕಿಸಿ, ಹೊಸ ಜಾಲರಿಯನ್ನು ಗೌಡರೇ ಹೆಗಲ ಮೇಲೆ ಹೊತ್ತು ತಂದು ಚೆಲುವಯ್ಯನ ಮುಂದೆ ಇಳಿಸಿದರಂತೆ. ಇಬ್ಬರೂ ಸೇರಿ ಅದನ್ನು ಕೊಳವೆಯ ಮೇಲೆ ಹಾಸಿದರಂತೆ. ಅಂದು ಸಂಜೆ ಒಲೆ ಹಚ್ಚಿದರಂತೆ.

ನಾನು ಮತ್ತೆ ವ್ಯಾನು ಹತ್ತುವಷ್ಟರಲ್ಲಿ ಕಾಲ ಬದಲಾಗಿತ್ತು. ಎಲ್ಲರ ಕೈಗೂ ಫೋನು ಬಂದಿತ್ತು. ಮೊದಲು ಜನ ಕಲ್ಲು ತರುತ್ತಿದ್ದರು, ಈಗ ವಿಡಿಯೋ ತರತೊಡಗಿದರು. ಯಾವುದೋ ದೇಶದಲ್ಲಿ ಉಲ್ಕೆ ಬಿದ್ದ ಗುಂಡಿ ತೋರಿಸಿ, "ನಮ್ ಕೋಟೆ ಹತ್ರ ಬಿದ್ದಿರೋದು ಮೇಡಮ್" ಎಂದು. ಕಲ್ಲಾದರೆ ಕೈಯಲ್ಲಿ ಹಿಡಿದು, ತೂಗಿ, ಅಯಸ್ಕಾಂತ ತೋರಿಸಿ ಅಲ್ಲ ಎನ್ನಬಹುದಿತ್ತು. ವಿಡಿಯೋಗೆ ಯಾವ ಅಯಸ್ಕಾಂತ ಹಿಡಿಯಲಿ? ಒಬ್ಬನಿಗೆ ಅಲ್ಲ ಎಂದು ತಿಳಿಸುವಷ್ಟರಲ್ಲಿ ಅವನು ಅದನ್ನು ನೂರು ಜನಕ್ಕೆ ಕಳಿಸಿ ಆಗಿರುತ್ತಿತ್ತು. ಹೊಸಬರಿಗೆ ನನಗಿಂತ ಕಷ್ಟವಿದೆ. ಅದನ್ನು ಮಾತ್ರ ಒಪ್ಪುತ್ತೇನೆ.

ನಿವೃತ್ತಿಯಾದ ಮೇಲೆ ಒಮ್ಮೆ ನೆಂಟರ ಮನೆಗೆಂದು ಪಿರಿಯಾಪಟ್ಟಣದಿಂದ ಆ ದಾರಿಯ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಂಡಕ್ಟರು, "ಉಲ್ಕೆ ಬ್ಯಾರನ್, ಉಲ್ಕೆ ಬ್ಯಾರನ್, ಯಾರ್ರೀ ಇಳ್ಯೋರು?" ಎಂದು ಕೂಗಿದ. ನಾನು ಕಿಟಕಿಯಿಂದ ನೋಡಿದೆ. ಅದೇ ಊರಿನ ತಿರುವು. ಅಲ್ಲಿ ನಿಲ್ದಾಣಕ್ಕೆ ಆ ಹೆಸರೇ ನಿಂತುಬಿಟ್ಟಿತ್ತು! ಎದೆ ಬಡಿದುಕೊಳ್ಳುವಷ್ಟು ಸಿಟ್ಟು ಬಂತು.

ಹತ್ತಿದವರಲ್ಲಿ ಚೆಲುವಯ್ಯನೂ ಇದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನ ಮುಂದಿನ ಸೀಟಿನಲ್ಲಿ ಕುಳಿತ. ನನ್ನನ್ನು ನೋಡಲಿಲ್ಲ. ಅವನ ಪಕ್ಕದಲ್ಲಿದ್ದ ಹೊರಗಿನ ಊರಿನ ಯುವಕ, "ಉಲ್ಕೆ ಬ್ಯಾರನ್ ಅಂದ್ರೆ ಏನ್ರೀ?" ಎಂದು ಕೇಳಿದ. ಕೇಳಿದ್ದೇ ತಡ, ಚೆಲುವಯ್ಯ ಶುರು ಮಾಡಿದ. ಇಷ್ಟು ದಪ್ಪದ ಕಲ್ಲು, ಹಸಿರು ಬೆಂಕಿ, ಸೂರು ಸೀಳ್ಕೊಂಡು ಬಂತು, ಧಡಾರ್ ಅಂತು. ನಾನು ಕೇಳಿ ಕೇಳಿ ತಡೆಯಲಾರದೆ ಅವನ ಭುಜ ಮುಟ್ಟಿದೆ.

"ಚೆಲುವಯ್ಯ, ಏನಿದು?"

ಅವನು ತಿರುಗಿ ನೋಡಿ ಗುರುತು ಹಿಡಿದ. ಮುಖದಲ್ಲಿ ನಾಚಿಕೆ ಬರುತ್ತದೆಂದುಕೊಂಡೆ. ಬಂದದ್ದು ಸಂತೋಷ. "ಅಯ್ಯೋ, ಮೇಡಮ್ನೋರು! ಚೆಂದಾಗಿದ್ದೀರಾ?" ಎಂದ. ಯುವಕನಿಗೆ, "ಇವ್ರೇ ಬಂದು ನೋಡಿದ್ದು ಕಣಪ್ಪ" ಎಂದೂ ಹೇಳಿಬಿಟ್ಟ.

"ಗೌಡ್ರು ಹೇಗಿದ್ದಾರೆ?" ಎಂದೆ.

"ಗೌಡ್ರು ತೀರ್ಕೊಂಡ್ರಲ್ಲವ್ವ, ಹೋದೊರ್ಸ." ಅವನ ದನಿ ತಗ್ಗಿತು. ನನ್ನ ಕಡೆ ಬಾಗಿ, ನನಗೆ ಮಾತ್ರ ಕೇಳುವ ಹಾಗೆ ಹೇಳಿದ. "ಬುಡಿ ಮೇಡಮ್. ನನ್ನ ಕೊನೇವರ್ಗೂ ಇಟ್ಕೊಂಡಿದ್ರು. ಸತ್ತೋರ್ನ ಕೋಳಿಗೂಡು ಅಂತ ಯಾಕೆ ನೆನ್ಯಬೇಕು ಜನ? ಕಲ್ಲು ಅಂತ ನೆನುಸ್ಕೊಂಡ್ರೆ ಕಲ್ಲಿಗೇನು ನಷ್ಟ?"

ಮುಂದಿನ ನಿಲ್ದಾಣದಲ್ಲಿ ಅವನು ಇಳಿದು ಹೋದ. ಯುವಕ ಖಾಲಿ ಸೀಟಿನ ಮೇಲೆ ಕೈಯಿಟ್ಟು ಪೂರ್ತಿ ನನ್ನ ಕಡೆ ತಿರುಗಿ ಕುಳಿತ.

"ಮೇಡಮ್, ನೀವೇ ನೋಡಿದ್ದು ಅಂದ್ರಲ್ಲ ಅವ್ರು. ನಿಜವಾಗ್ಲೂ ಕಲ್ಲು ಬಿದ್ದಿತ್ತಾ?"

"ಇಲ್ಲ" ಎಂದೆ. "ಆ ಕಲ್ಲು ಕಡಲ ಮೇಲೆಲ್ಲೋ, ಬಹಳ ಎತ್ತರದಲ್ಲೇ ಉರಿದುಹೋಗಿತ್ತು. ಎದುರಿನ ಗಾಳಿ ಸರಿಯೋಕೆ ಸಮಯ ಸಿಗಲ್ಲ, ಹಿಂಡಿಕೊಂಡು ಕಾಯುತ್ತೆ, ಆ ಕಾವಿಗೆ ಕಲ್ಲು ಕರಗುತ್ತೆ. ಘರ್ಷಣೆ ಅಂತ ಓದಿರ್ತೀರಿ, ಅದಲ್ಲ."

ಅವನು ಆಸಕ್ತಿಯಿಂದಲೇ ಕೇಳಿಸಿಕೊಂಡ. "ಹಾಗಾದ್ರೆ ಬ್ಯಾರನ್ ಹೇಗೆ ಸುಡ್ತು?" ಎಂದ.

"ಅದು ನನ್ನ ವಿಷಯ ಅಲ್ಲಪ್ಪ" ಎಂದೆ. "ನನ್ನದು ಕಲ್ಲಿನ ವಿಷಯ ಮಾತ್ರ."